ಕ್ರಿಸ್‌ಮಸ್ ಬೆಳಗಿನ ಆಟಿಕೆ: ನಮಗೆ ನಿಜವಾಗಿ ಸಿಕ್ಕಿದ್ದು ಏನು?

ಬಾವಿಕಟ್ಟೆ (ಮಂಗಳೂರು)

ಕಳೆದ ಭಾನುವಾರ ಟೊರಾಂಟೊದಿಂದ ಮೊಮ್ಮಗಳು ಕರೆ ಮಾಡಿದ್ದಳು. ಅವಳಿಗೆ ಏಳು ವರ್ಷ. ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕೆಂದು ಶಾಲೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದಾರಂತೆ: ನೀವು ಚಿಕ್ಕವರಿದ್ದಾಗ ಕ್ರಿಸ್‌ಮಸ್ ದಿನ ಬೆಳಿಗ್ಗೆ ಎದ್ದಾಗ ಯಾವ ಆಟಿಕೆ ಸಿಕ್ಕಿತ್ತು? ನಾನು “ಒಂದು ಗೊಂಬೆ” ಎಂದು ಹೇಳಹೊರಟೆ. ನೀಲಿ ಕಣ್ಣು, ಮಲಗಿಸಿದರೆ ಮುಚ್ಚಿಕೊಳ್ಳುವ ರೆಪ್ಪೆ, ಕೆಂಪು ರಿಬ್ಬನ್ ಕಟ್ಟಿದ ಪೆಟ್ಟಿಗೆ ಎಲ್ಲವೂ ಕಣ್ಣ ಮುಂದೆ ಬಂದವು. ಅಲ್ಲಿಗೆ ನನ್ನ ಮಾತು ನಿಂತಿತು, ಏಕೆಂದರೆ ಅಂಥ ಗೊಂಬೆ ನಮ್ಮ ಮನೆಗೆ ಎಂದೂ ಬಂದಿರಲಿಲ್ಲ.

ನಾನು ಹುಟ್ಟಿದ್ದು 1962ರಲ್ಲಿ. ನಾವು ಆರು ಮಂದಿ ಮಕ್ಕಳು. ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದು ಮಲಗಿದರೆ ಬೆಳಿಗ್ಗೆ ಏಳುವಾಗ ಇಡ್ಲಿಯಂಥ ಸಾನ್ನಾಂ ಬೇಯುವ ವಾಸನೆ ಇರುತ್ತಿತ್ತು, ಹೊಸ ಬಟ್ಟೆ ಇರುತ್ತಿತ್ತು, ಡಬ್ಬಿಯಲ್ಲಿ ಹಬ್ಬದ ತಿಂಡಿಗಳ ಕುಸ್ವಾರ್ ಇರುತ್ತಿತ್ತು. ಆಟಿಕೆ ಇತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಮಗುವಿಗೆ ಮಾತು ಕೊಟ್ಟಿದ್ದೇನೆ. ಅರುವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕರ್ನಾಟಕದಲ್ಲಿ ಬೆಳೆದವರು ದಯವಿಟ್ಟು ಹೇಳಿ: ಡಿಸೆಂಬರ್ 25ರ ಬೆಳಿಗ್ಗೆ ನಿಮ್ಮ ತಲೆದಿಂಬಿನ ಪಕ್ಕದಲ್ಲಿ ಆಟಿಕೆ ಇತ್ತೇ? ಇದ್ದರೆ ಯಾರು ಕೊಟ್ಟದ್ದು, ಎಲ್ಲಿಂದ ತಂದದ್ದು?

ಕಾರ್ಕಳದ ಮಗ

ಇರಲಿಲ್ಲ. ನಮ್ಮ ಕಡೆ ಆಟಿಕೆಯ ಹಬ್ಬ ಡಿಸೆಂಬರಿನಲ್ಲಿ ಬರುತ್ತಲೇ ಇರಲಿಲ್ಲ. ಅದು ಬರುತ್ತಿದ್ದುದು ಜನವರಿಯಲ್ಲಿ, ಅತ್ತೂರಿನ ಇಗರ್ಜಿಯ ಜಾತ್ರೆಗೆ, ಅಂದರೆ ಸಂತ ಲಾರೆನ್ಸರ ಸಾಂತ್‌ಮಾರಿಗೆ. ಮೇಣದ ಬತ್ತಿ ಹಚ್ಚಿ ಹೊರಗೆ ಬಂದರೆ ಗುಡ್ಡದ ದಾರಿಯ ಎರಡೂ ಬದಿಗೆ ಸಂತೆ: ಪೀಪಿ, ಗಿರಿಗಿಟ್ಟೆ, ಎಳೆದಂತೆ ಟಕಟಕ ಎನ್ನುವ ಮಣ್ಣಿನ ಚಕ್ರದ ಗಾಡಿ, ಕೇಪು ಹಾಕುವ ಕೋವಿ, ನೀರಿನಲ್ಲಿ ಓಡುವ ತಗಡಿನ ದೋಣಿ. ಕ್ರಿಸ್‌ಮಸ್ಸಿಗೆ ನೆಂಟರು ಕೈಗಿಟ್ಟ ನಾಲ್ಕಾಣೆ, ಎಂಟಾಣೆಗಳನ್ನು ನಾವು ಖರ್ಚು ಮಾಡದೆ ಅತ್ತೂರಿಗೆಂದೇ ಕಟ್ಟಿಡುತ್ತಿದ್ದೆವು. ಹೀಗಾಗಿ ಕ್ರಿಸ್‌ಮಸ್ಸಿನ ಆಟಿಕೆ ಒಂದು ತಿಂಗಳು ತಡವಾಗಿ ಬರುತ್ತಿತ್ತು ಎಂದು ನಿಮ್ಮ ಮೊಮ್ಮಗಳಿಗೆ ಹೇಳಬಹುದು.

ಹೊಸ ಬಟ್ಟೆಯ ಮಾತು ಬಂದುದರಿಂದ ಇದನ್ನೂ ಹೇಳುತ್ತೇನೆ. ಒಂದೇ ಥಾನಿನಿಂದ ಅಣ್ಣನಿಗೂ ನನಗೂ ಅಂಗಿ, ತಂಗಿಗೆ ಲಂಗ. ಇಗರ್ಜಿಯಲ್ಲಿ ಯಾರು ಯಾರ ಮಕ್ಕಳೆಂದು ಬಟ್ಟೆ ನೋಡಿಯೇ ಗುರುತಿಸಬಹುದಿತ್ತು.

ಚಾಂಪಿಯನ್ ರೀಫ್

ಇಬ್ಬರೂ ಕರಾವಳಿಯವರಾದುದರಿಂದ ಇಡೀ ಕರ್ನಾಟಕದಲ್ಲೇ ಇರಲಿಲ್ಲ ಎಂಬಂತೆ ಬರೆದಿದ್ದೀರಿ. ಕೆ.ಜಿ.ಎಫ್.ನಲ್ಲಿ ಇತ್ತು. ನಾನು ಅಲ್ಲಿಯೇ ಹುಟ್ಟಿ ಬೆಳೆದವನು; ತಂದೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿಯುತ್ತಿದ್ದರು. ನಮ್ಮ ಸಾಲುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಎಲ್ಲವೂ ಕೇಳಿಸುತ್ತಿತ್ತು, ಸ್ವಲ್ಪ ದೂರದ ಬಂಗಲೆಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿದ್ದವು. ಹಬ್ಬದ ಹಿಂದಿನ ರಾತ್ರಿ ಮಂಚದ ಕಾಲಿಗೆ ಕಾಲುಚೀಲ ಕಟ್ಟುವ ಪದ್ಧತಿ ಆ ಬಂಗಲೆಗಳಿಂದ ನಮ್ಮ ಸಾಲಿಗೆ ಇಳಿದು ಬಂದದ್ದು.

1972ರಲ್ಲಿ ನಾನು ತಂದೆಯ ಗಣಿ ಕೆಲಸದ ದಪ್ಪ ಕಾಲುಚೀಲವನ್ನು ಕಟ್ಟಿದ್ದೆ. ಬೆಳಿಗ್ಗೆ ಅದರೊಳಗೆ ಒಂದು ಕಿತ್ತಳೆ ಹಣ್ಣು, ನಾಲ್ಕು ಪೆಪ್ಪರ್‌ಮಿಂಟು ಮತ್ತು ಕೀ ಕೊಟ್ಟರೆ ತಾಳ ಬಡಿಯುವ ತಗಡಿನ ಕೋತಿ ಇದ್ದವು. ಆ ಕೋತಿ ಹೊಸದಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು, ಒಂದು ಕಿವಿ ಬಗ್ಗಿತ್ತು. ತಾಯಿ ಕೆಲಸಕ್ಕೆ ಹೋಗುತ್ತಿದ್ದ ಬಂಗಲೆಯ ಹುಡುಗ ಬಿಟ್ಟುಹಾಕಿದ್ದ ಕೋತಿ ಅದು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ನನಗೆ ಅದರಿಂದ ಅಂದೂ ಬೇಸರವಾಗಲಿಲ್ಲ, ಇಂದೂ ಇಲ್ಲ. ತಾಯಿ ಅದಕ್ಕೆ ಹೊಸ ಕೆಂಪು ಬಟ್ಟೆಯ ಅಂಗಿ ಹೊಲಿದಿದ್ದರು.

ನಮ್ಮ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಹಬ್ಬಕ್ಕೆ ಹಳ್ಳಿಗಳಿಂದ ಬರುತ್ತಿದ್ದ ನೆಂಟರ ಮಕ್ಕಳು ಕೋತಿಗಿಂತ ಹೆಚ್ಚಾಗಿ ನಕ್ಷತ್ರದೊಳಗಿನ ಬಲ್ಬನ್ನೇ ನೋಡುತ್ತಾ ನಿಲ್ಲುತ್ತಿದ್ದರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಸಾಲಿನ ಅರ್ಧ ಮನೆಗಳು ಖಾಲಿಯಾದವು. ಕೋತಿ ನನ್ನ ಬಳಿ ಇದೆ. ಕೀ ಕಳೆದುಹೋಗಿದೆ.

ಹೆಂಚಿನ ಮನೆ

ನಮಗೆ ಕಿತ್ತಳೆಯೂ ಇರಲಿಲ್ಲ.

ಫ್ರೇಜರ್ ಟೌನ್

ಚಾಂಪಿಯನ್ ರೀಫ್ ಅವರ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ನಾವು ಆಟಿಕೆಗಾಗಿಯೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುತ್ತಿದ್ದೆವು. ರಸೆಲ್ ಮಾರುಕಟ್ಟೆಯ ಸುತ್ತ ನಕ್ಷತ್ರ, ಗಾಳಿಮರದ ಕೊಂಬೆ, ಹೊಳೆಯುವ ಕಾಗದದ ತೋರಣ ಮಾರುತ್ತಿದ್ದರು. ಗಾಳಿಮರವೇ ನಮ್ಮ ಕ್ರಿಸ್‌ಮಸ್ ಮರ. ಅದರ ಬುಡದಲ್ಲಿ 1983ರಲ್ಲಿ ನನಗೊಂದು ಮೆಕ್ಯಾನಿಕ್ಸ್ ಪೆಟ್ಟಿಗೆ ಸಿಕ್ಕಿತ್ತು. ತೂತುಗಳಿರುವ ತಗಡಿನ ಪಟ್ಟಿಗಳು, ಸಣ್ಣ ನಟ್ಟು ಬೋಲ್ಟುಗಳು, ಒಂದು ಪುಟ್ಟ ಸ್ಪ್ಯಾನರು. ನಾನು ಮುಂದೆ ಯಂತ್ರ ದುರಸ್ತಿಯ ಕೆಲಸ ಹಿಡಿದದ್ದಕ್ಕೆ ಆ ಪೆಟ್ಟಿಗೆಯೇ ಕಾರಣವೆಂದು ನಂಬಿದ್ದೇನೆ. ಆದ್ದರಿಂದ ಬಾವಿಕಟ್ಟೆಯವರೇ, ನಿಮಗೆ ಆಟಿಕೆ ಸಿಗಲಿಲ್ಲವೆಂದರೆ ಒಪ್ಪುತ್ತೇನೆ, ಆ ಕಾಲದಲ್ಲಿ ಯಾರಿಗೂ ಸಿಗುತ್ತಿರಲಿಲ್ಲವೆಂದರೆ ಒಪ್ಪುವುದಿಲ್ಲ.

ನೆನಪಿನ ಲೆಕ್ಕ

ಒಂದು ಆಕ್ಷೇಪ ಹೇಳಬೇಕಾಗಿದೆ. ಬಾವಿಕಟ್ಟೆಯವರು ತಮ್ಮ ನೀಲಿ ಕಣ್ಣಿನ ಗೊಂಬೆ ನಿಜವಲ್ಲವೆಂದು ತಾವೇ ಕಂಡುಕೊಂಡರು. ಉಳಿದವರ ನೆನಪುಗಳಲ್ಲಿ ಎಷ್ಟು ನಮ್ಮವು, ಎಷ್ಟು ಆಮೇಲೆ ಸಿನಿಮಾಗಳಿಂದ, ಜಾಹೀರಾತುಗಳಿಂದ, ಶುಭಾಶಯ ಪತ್ರಗಳಿಂದ ಬಂದು ಸೇರಿಕೊಂಡವು ಎಂಬುದನ್ನು ಪರೀಕ್ಷಿಸಬೇಕು. ನನ್ನ ಅಣ್ಣ ನಮ್ಮ ಬಾಲ್ಯದ ಕ್ರಿಸ್‌ಮಸ್ಸಿನಲ್ಲಿ ಹಿಮ ಬಿದ್ದಿತ್ತೆಂಬಂತೆ ಮಾತನಾಡುತ್ತಾನೆ. ನಾವು ಬೆಳೆದದ್ದು ಕುಂದಾಪುರದಲ್ಲಿ. ನೆನಪಿಗೆ ಸಾಕ್ಷಿ ಬೇಕು: ವಸ್ತು ಉಳಿದಿರಬೇಕು, ಇಲ್ಲವೇ ಇನ್ನೊಬ್ಬರು ನೋಡಿರಬೇಕು.

ಚಾಂಪಿಯನ್ ರೀಫ್

ನನ್ನ ಕೋತಿ ಕಪಾಟಿನಲ್ಲಿದೆ, ಬಂದು ನೋಡಬಹುದು.

ಗೆರಟೆ ಗದ್ದೆ (ಉಡುಪಿ)

ನೀವೆಲ್ಲ ಆಟಿಕೆಯನ್ನು ಅಂಗಡಿಯಲ್ಲಿ ಹುಡುಕುತ್ತಿದ್ದೀರಿ, ಅದಕ್ಕೇ ಉತ್ತರ ಸಿಗುತ್ತಿಲ್ಲ ಎಂದು ನನಗೆ ಅನಿಸುತ್ತದೆ. ಬಾವಿಕಟ್ಟೆಯವರೇ, ನಿಮ್ಮ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟುತ್ತಿರಲಿಲ್ಲವೇ?

ನಮ್ಮ ಮನೆಯಲ್ಲಿ ಅದು ಮಕ್ಕಳದೇ ಕೆಲಸ. ಡಿಸೆಂಬರ್ ಹತ್ತು ಹನ್ನೆರಡರ ಹೊತ್ತಿಗೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ, ರಾತ್ರಿ ನೆನೆಸಿದ ಭತ್ತ ಬಿತ್ತುತ್ತಿದ್ದೆವು. ಇಪ್ಪತ್ತನಾಲ್ಕನೆಯ ತಾರೀಖಿಗೆ ಅವು ಒಂದು ಗೇಣು ಎತ್ತರದ ಹಸಿರು ಗದ್ದೆಗಳಾಗಬೇಕು. ಬೇಗ ಬಿತ್ತಿದರೆ ಸಸಿ ಬಾಗುತ್ತದೆ, ತಡವಾದರೆ ಬಿಳಿ ಮೊಳಕೆ ಮಾತ್ರ. ಆದ್ದರಿಂದ ಯಾವ ದಿನ ಬಿತ್ತಬೇಕೆಂದು ಅಕ್ಕನಿಗೂ ನನಗೂ ಪ್ರತಿ ವರ್ಷ ಜಗಳವಾಗುತ್ತಿತ್ತು. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಯ ಮೇಲೆಲ್ಲ ಬೆಳೆದಿದ್ದ ಹಾವಸೆ ಡಿಸೆಂಬರಿಗೆ ಒಣಗಿರುತ್ತಿತ್ತು. ಹಸಿ ಹಾವಸೆ ಉಳಿಯುತ್ತಿದ್ದುದು ಬಾವಿಯ ಒಳಗಿನ ಅಂಚಿನಲ್ಲಿ ಮಾತ್ರ, ಅದನ್ನು ಕೆರೆದು ತೆಗೆಯಲು ಅಪ್ಪನೇ ಬೇಕಿತ್ತು. ಸಿಮೆಂಟಿನ ಚೀಲದ ಕಾಗದವನ್ನು ಗಂಜಿಯಲ್ಲಿ ನೆನೆಸಿ, ಮುದುಡಿ, ಇದ್ದಿಲ ಪುಡಿ ಬಳಿದರೆ ಗುಡ್ಡ. ಒಡೆದ ಕನ್ನಡಿಯ ಚೂರು ಕೆರೆ. ಹೊಳೆಯ ಮರಳು ದಾರಿ. ಬೈಹುಲ್ಲಿನ ಮಾಡಿನ ಕೊಟ್ಟಿಗೆ.

ಮಣ್ಣಿನ ಮೂರ್ತಿಗಳು ವರ್ಷವಿಡೀ ಟ್ರಂಕಿನಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಲಗಿರುತ್ತಿದ್ದವು. ಅವನ್ನು ಬಿಚ್ಚುವ ಸಂಜೆಯೇ ನಮಗೆ ಉಡುಗೊರೆಯ ಪೊಟ್ಟಣ ಬಿಚ್ಚುವ ಸಂಜೆ. ಒಬ್ಬ ಕುರುಬನಿಗೆ ಕೈ ಇಲ್ಲ, ಕತ್ತೆಯ ಕಿವಿ ಮುರಿದಿದೆ, ಬಾಲಯೇಸುವನ್ನು ನೋಡಬಂದ ಮೂವರು ಅರಸರಲ್ಲಿ ಒಬ್ಬನ ಮುಖದ ಬಣ್ಣ ಎದ್ದುಹೋಗಿದೆ. ಆದರೂ ಯಾರನ್ನೂ ನಾವು ಬಿಡುತ್ತಿರಲಿಲ್ಲ. ಸಾಂತ್‌ಮಾರಿಯಲ್ಲಿ ಕೊಂಡ ತಗಡಿನ ಬಸ್ಸು, ಪ್ಲಾಸ್ಟಿಕ್ಕಿನ ಬಾತುಕೋಳಿ ಎಲ್ಲವೂ ಆ ಗುಡ್ಡದ ಮೇಲೆ ಜಾಗ ಪಡೆಯುತ್ತಿದ್ದವು. ಬೆತ್ಲೆಹೇಮಿನಲ್ಲಿ ಬಸ್ಸು ಇರಲಿಲ್ಲವೆಂದು ಅಪ್ಪ ಒಮ್ಮೆಯೂ ಹೇಳಲಿಲ್ಲ.

ಬಾಲಯೇಸುವಿನ ಜಾಗ ಮಾತ್ರ ಖಾಲಿ ಇರುತ್ತಿತ್ತು. ಮಧ್ಯರಾತ್ರಿಯ ಪೂಜೆಯಿಂದ ಬಂದ ಮೇಲೆ ಮನೆಯ ಅತಿ ಚಿಕ್ಕ ಮಗು ಅದನ್ನು ಅಲ್ಲಿಡಬೇಕು. ಮರುದಿನದಿಂದ ಮೂವರು ಅರಸರನ್ನು ದಿನಕ್ಕೊಂದು ಗೇಣು ಮುಂದಕ್ಕೆ ಸರಿಸುತ್ತಾ ಜನವರಿ ಆರಕ್ಕೆ ಕೊಟ್ಟಿಗೆಯ ಬಾಗಿಲಿಗೆ ತಲುಪಿಸುವುದು ನಮ್ಮ ಆಟ. ಹದಿನೈದು ದಿನ ಕಟ್ಟಿ, ಹದಿನೈದು ದಿನ ಆಡುವ ಆಟಿಕೆ ಅಂಗಡಿಯಲ್ಲಿ ಯಾವುದಿದೆ ಹೇಳಿ.

ಬಾವಿಕಟ್ಟೆ (ಮಂಗಳೂರು)

ಗೆರಟೆ ಗದ್ದೆಯವರೇ, ಓದುತ್ತಾ ಕಣ್ಣು ತುಂಬಿ ಬಂತು. ನಮ್ಮಲ್ಲಿ ಸಸಿ ಬೆಳೆಸುತ್ತಿದ್ದುದು ಗೆರಟೆಯಲ್ಲಲ್ಲ, ಮೀನಿನ ಡಬ್ಬಿಯಲ್ಲಿ. ನನ್ನ ತಮ್ಮ ಅರಸರನ್ನು ಒಂದೇ ದಿನದಲ್ಲಿ ಕೊಟ್ಟಿಗೆಯೊಳಗೆ ನುಗ್ಗಿಸಿ ಪೆಟ್ಟು ತಿಂದಿದ್ದ. ಇದನ್ನು ನಾನು ಆಟಿಕೆಯೆಂದು ಎಣಿಸಿಯೇ ಇರಲಿಲ್ಲ.

ಪೋರ್ಚುಗೀಸ್ ಗೋವೆ

ಗೋದಲಿ ಕಟ್ಟುವುದು ಪೋರ್ಚುಗೀಸರು ಕಂಡುಹಿಡಿದ ಪದ್ಧತಿ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ನೆನಪಿನ ಲೆಕ್ಕ

ತಿದ್ದುಪಡಿ: ಅವರು ನಮ್ಮ ಕರಾವಳಿಗೆ ತಂದಿರಬಹುದು, ಕಂಡುಹಿಡಿದವರಲ್ಲ. ಅಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲಿನ ಗೋದಲಿಯನ್ನಿಟ್ಟು ಕ್ರಿಸ್‌ಮಸ್ ಆಚರಿಸಿದರು. ಈ ಪದ್ಧತಿಯ ಮೂಲವನ್ನು ಸಾಮಾನ್ಯವಾಗಿ ಅಲ್ಲಿಗೆ ಒಯ್ಯುತ್ತಾರೆ. ಗೋದಲಿ ಎಂಬ ಪದವಂತೂ ದನಕ್ಕೆ ಮೇವು ಹಾಕುವ ತೊಟ್ಟಿಗೆ ನಮ್ಮ ಕನ್ನಡದಲ್ಲೇ ಇರುವ ಪದ.

ಪಕ್ಕದ ಮನೆಯ ಹುಡುಗಿ

ನಾನು ಕ್ರೈಸ್ತಳಲ್ಲ, ಆದರೆ ಈ ಚರ್ಚೆಯಲ್ಲಿ ನನಗೂ ಹಕ್ಕಿದೆ ಎಂದುಕೊಂಡಿದ್ದೇನೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಡಿಸೆಂಬರ್ ಮೂರನೆಯ ವಾರ ಅವರ ಅಡುಗೆಮನೆಯಲ್ಲಿ ಕುಸ್ವಾರ್ ಶುರುವಾದರೆ ನನ್ನನ್ನೂ ಕೂರಿಸುತ್ತಿದ್ದರು. ಕಿಡ್ಯೊ ಮಾಡುವುದು ಮಕ್ಕಳ ಕೈಗೆ ಹೇಳಿ ಮಾಡಿಸಿದ ಕೆಲಸ: ನೆಲ್ಲಿಕಾಯಿ ಗಾತ್ರದ ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಹಿರಿಯರು ಆಚೆ ತಿರುಗಿದಾಗ ನಾವು ಆ ಹಿಟ್ಟಿನಲ್ಲಿ ಹಾವು, ಮೊಲ, ಆಮೆ ಮಾಡುತ್ತಿದ್ದೆವು. ಅವನ್ನೂ ಅಜ್ಜಿ ಬಯ್ಯದೆ ಎಣ್ಣೆಗೆ ಬಿಡುತ್ತಿದ್ದರು. ಕರಿದ ಆಮೆಯನ್ನು ತಿನ್ನಲು ಮನಸ್ಸು ಬರದೆ ಎರಡು ದಿನ ಆಡಿ ಆಮೇಲೆ ತಿನ್ನುತ್ತಿದ್ದೆ.

ಹಬ್ಬದ ಬೆಳಿಗ್ಗೆ ನೆವ್ರಿ, ಕಿಡ್ಯೊ, ಕೊಕ್ಕಿಸಾಂ, ಎಳ್ಳುಂಡೆ ತುಂಬಿದ ತಟ್ಟೆ ಕಸೂತಿಯ ಬಟ್ಟೆ ಮುಚ್ಚಿಕೊಂಡು ಬೇಲಿ ದಾಟಿ ಬರುತ್ತಿತ್ತು. ಅಮ್ಮ ಬರಿದಾದ ತಟ್ಟೆಯನ್ನು ಹಾಗೇ ಕಳಿಸುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದರು. ಚೌತಿಗೆ ನಮ್ಮ ತಟ್ಟೆ ಆಚೆಗೆ ಹೋಗುತ್ತಿತ್ತು. ನಮ್ಮ ಅಜ್ಜಿಯ ಊರು ಮೈಸೂರು ಕಡೆಯದು. ದಸರೆಗೆ ಅಲ್ಲಿ ಕೂರಿಸುತ್ತಿದ್ದ ಗೊಂಬೆಗಳಲ್ಲಿ ಪಟ್ಟದ ಗೊಂಬೆಗಳನ್ನು ಮುಟ್ಟುವಂತಿರಲಿಲ್ಲ. ಗೋದಲಿಯ ಕುರಿಗಳನ್ನು ಮುಟ್ಟಬಹುದಿತ್ತು, ಸರಿಸಬಹುದಿತ್ತು. ನನಗೆ ಗೋದಲಿ ಹೆಚ್ಚು ಇಷ್ಟವಾದದ್ದು ಅದಕ್ಕೇ.

ಗೊಂಬೆ ಬೀದಿ (ಚನ್ನಪಟ್ಟಣ)

ಆಟಿಕೆಯ ಬಗ್ಗೆ ಇಷ್ಟೆಲ್ಲ ಮಾತು ನಡೆದು ಚನ್ನಪಟ್ಟಣದ ಹೆಸರೇ ಬರದಿರುವುದು ನೋಡಿ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನಿಂದ ಗೊಂಬೆ ಕಡೆಯುವ ಮನೆ. ನಾವು ಕಡೆಯುವ ಆಲೆ ಮರ ದಂತದ ಬಣ್ಣದ್ದು, ನುಣುಪಾಗಿ ಕಡೆಯಲು ಬರುತ್ತದೆ. ಚೆನ್ನಾಗಿ ಒಣಗಿಸದೆ ಲೇತಿಗೆ ಕಟ್ಟಿದರೆ ಆಮೇಲೆ ಸೀಳುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ಕೇದಿಗೆಯ ಎಲೆ ಹಿಡಿದರೆ ಹೊಳಪು. ಬೇರೆ ಮೆರುಗೆಣ್ಣೆ ಏನೂ ಬೇಡ.

ಡಿಸೆಂಬರಿಗೆ ಮುಂಚೆ ಬೆಂಗಳೂರಿನ ಅಂಗಡಿಗಳಿಗೆ ಮೂಟೆಗಟ್ಟಲೆ ಸಾಮಾನು ಹೋಗುತ್ತಿತ್ತು: ಎಳೆಯುವ ರೈಲು, ಬುಗುರಿ, ಗಿಲಕಿ, ತಲೆಯಾಡಿಸುವ ಗೊಂಬೆ, ಅಡುಗೆ ಆಟದ ಪುಟ್ಟ ಪಾತ್ರೆಗಳು. ಫ್ರೇಜರ್ ಟೌನ್ ಅವರ ಮರದ ಬುಡದಲ್ಲಿ ನಮ್ಮಪ್ಪ ಕಡೆದ ರೈಲೂ ಇದ್ದಿರಬಹುದು. ನಮ್ಮ ಪಾಲಿಗೆ ಬರುತ್ತಿದ್ದುದು ಸೀಳಿದ ಗೊಂಬೆ, ಚಕ್ರ ಸರಿ ಕೂರದ ಬಂಡಿ. ನಾವು ಮುಸಲ್ಮಾನರು, ಕ್ರಿಸ್‌ಮಸ್ ನಮ್ಮ ಹಬ್ಬವಲ್ಲ. ಆದರೂ ಡಿಸೆಂಬರ್ ಬಂತೆಂದರೆ ಅಪ್ಪನ ಕೈಯಲ್ಲಿ ಹಣ ಓಡಾಡುತ್ತಿತ್ತು, ನಮಗೆ ಹೊಸ ಸ್ವೆಟರು ಬರುತ್ತಿತ್ತು. ಆ ಲೆಕ್ಕದಲ್ಲಿ ಕ್ರಿಸ್‌ಮಸ್ ನಮ್ಮ ಮನೆಗೂ ಬರುತ್ತಿತ್ತು ಎಂದೇ ಹೇಳುತ್ತೇನೆ.

ಫ್ರೇಜರ್ ಟೌನ್

ರೈಲು ನನ್ನ ತಂಗಿಗೆ ಬಂದಿತ್ತು! ಕೆಂಪು, ಹಳದಿ, ಹಸಿರು ಡಬ್ಬಿಗಳು, ಕೊಂಡಿಯ ಬದಲು ಸಣ್ಣ ಕೊಕ್ಕೆ. ಆಗಲೂ ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳೇ ಇದ್ದವಲ್ಲವೇ? ಈಗಿನ ಪ್ಲಾಸ್ಟಿಕ್ಕಿನ ಎದುರು ಅಂದಿನ ಆಟಿಕೆ ಎಷ್ಟು ಶುದ್ಧ ಎಂದು ನನ್ನ ಮಕ್ಕಳಿಗೆ ಹೇಳುತ್ತಿರುತ್ತೇನೆ.

ಗೊಂಬೆ ಬೀದಿ (ಚನ್ನಪಟ್ಟಣ)

ಕ್ಷಮಿಸಿ, ಹಾಗೆ ಹೇಳಬೇಡಿ. ನಾನು ಕಂಡ ಎಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ಅಂಗಡಿಯಿಂದ ತಂದ ರಾಸಾಯನಿಕ ಬಣ್ಣವನ್ನೇ ಅರಗಿಗೆ ಬೆರೆಸುತ್ತಿದ್ದೆವು. ನಮ್ಮ ಬೀದಿಯಲ್ಲಿ ಸಸ್ಯಮೂಲದ ಬಣ್ಣಕ್ಕೆ ಮತ್ತೆ ಬೆಲೆ ಬಂದದ್ದು ಆಮೇಲೆ, ಮಕ್ಕಳು ಬಾಯಿಗೆ ಹಾಕುವ ವಸ್ತುವಿನ ಬಗ್ಗೆ ಕೊಳ್ಳುವವರು ಕೇಳಲು ಆರಂಭಿಸಿದ ಮೇಲೆ. ನೀವು ಹೊಗಳುವ ತಗಡಿನ ಆಟಿಕೆಗಳ ಅಂಚು ಬೆರಳು ಕೊಯ್ಯುತ್ತಿತ್ತು; ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿದ್ದುದೂ ಸುಳ್ಳಲ್ಲ. ಹಳೆಯದೆಲ್ಲ ಒಳ್ಳೆಯದೆಂದು ಹೇಳಿ ಗೊಂಬೆ ಮಾರುವುದು ನಮಗೆ ಬೇಡ. 2001ರಲ್ಲಿ ಆಮದಿನ ಮಿತಿಗಳು ತೆರವಾದ ಮೇಲೆ ಅಗ್ಗದ ಸಾಮಾನು ತುಂಬಿಕೊಂಡು ನಮ್ಮ ಬೀದಿಯ ಎಷ್ಟೋ ಲೇತುಗಳು ನಿಂತವು, 2020ರಲ್ಲಿ ಆಟಿಕೆಯ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿದ ಮೇಲೆ ಸ್ವಲ್ಪ ಉಸಿರಾಡಿದೆವು. ನೀವು ಇಂದು ಕೊಂಡರೆ ನಮ್ಮ ಕೆಲಸ ಉಳಿಯುತ್ತದೆ. ಅಂದಹಾಗೆ ಈಗ ನಾವು ಗೋದಲಿಯ ಮೂರ್ತಿಗಳನ್ನೂ ಕಡೆಯುತ್ತೇವೆ. ಕುರುಬನ ಕೈ ಮುರಿಯುವ ಚಿಂತೆಯಿಲ್ಲ, ಏಕೆಂದರೆ ಲೇತಿನಲ್ಲಿ ಕಡೆದ ಗೊಂಬೆಗೆ ಕೈ ಬೇರೆಯಾಗಿ ಚಾಚಿಕೊಂಡಿರುವುದಿಲ್ಲ.

ಕಾರ್ಕಳದ ಮಗ

ಸ್ವಲ್ಪ ಬೇರೆ ವಿಷಯ. ನಾನು ಹೇಳಿದ ತಗಡಿನ ದೋಣಿ 1978ರ ಅತ್ತೂರಿನದು, ಅಟ್ಟದಲ್ಲಿ ಈಚೆಗೆ ಸಿಕ್ಕಿತು. ನೆನಪಿನ ಲೆಕ್ಕ ಅವರು ಕೇಳಿದ ಸಾಕ್ಷಿ ಇದೇ. ಬತ್ತಿ ಹಚ್ಚಿ ಬೋಗುಣಿಯಲ್ಲಿ ಬಿಟ್ಟೆ, ಹತ್ತು ನಿಮಿಷವಾದರೂ ಓಡಲಿಲ್ಲ. ಯಾರಾದರೂ ದಾರಿ ಹೇಳಬಲ್ಲಿರಾ?

ಫ್ರೇಜರ್ ಟೌನ್

ಮೊದಲು ಕೊಳವೆಗಳಲ್ಲಿ ನೀರು ತುಂಬಿದ್ದೀರಾ? ಹೆಚ್ಚಿನವರು ಮರೆಯುವುದು ಅದನ್ನೇ. ದೋಣಿಯ ಹಿಂಬದಿಗೆ ಎರಡು ಸಣ್ಣ ಕೊಳವೆಗಳಿರುತ್ತವೆ, ಎರಡೂ ಒಳಗಿನ ಚಪ್ಪಟೆ ತಗಡಿನ ಗೂಡಿಗೆ ಸೇರುತ್ತವೆ. ದೋಣಿಯನ್ನು ಓರೆಯಾಗಿ ಹಿಡಿದು ಔಷಧಿ ಹಾಕುವ ಡ್ರಾಪರಿನಿಂದ ಒಂದು ಕೊಳವೆಗೆ ನೀರು ಬಿಡಿ; ಇನ್ನೊಂದರಿಂದ ನೀರು ಹೊರಬಂದರೆ ಗೂಡು ತುಂಬಿದೆ ಎಂದರ್ಥ. ಕೊಳವೆಯ ತುದಿಗಳು ನೀರಿನೊಳಗೆ ಮುಳುಗಿರುವಂತೆ ಬಿಟ್ಟು ಆಮೇಲೆ ಬತ್ತಿ ಹಚ್ಚಿ. ಗೂಡಿನ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದೂಡುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣಿದಾಗ ನೀರು ಮತ್ತೆ ಒಳಕ್ಕೆ ಸೇದಿಕೊಳ್ಳುತ್ತದೆ. ಹೊರಕ್ಕೆ ಹೋಗುವ ನೀರು ಒಂದೇ ಧಾರೆಯಾಗಿ ಹಿಂದಕ್ಕೆ ಚಿಮ್ಮುತ್ತದೆ, ಒಳಕ್ಕೆ ಬರುವುದು ಎಲ್ಲ ದಿಕ್ಕಿನಿಂದಲೂ ಬರುತ್ತದೆ, ಆದ್ದರಿಂದ ದೋಣಿ ಹಿಂದೆ ಸರಿಯುವುದಿಲ್ಲ. ಟಪಟಪ ಸದ್ದು ಗೂಡಿನ ಮೇಲಿನ ತೆಳು ತಗಡು ಒಳಗೆ ಹೊರಗೆ ಬಡಿದುಕೊಳ್ಳುವುದರದು. ಈ ಬಗೆಯ ದೋಣಿಗೆ 1891ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತ್ತು.

ಕಾರ್ಕಳದ ಮಗ

ಓಡಿತು. ಬೋಗುಣಿ ಸಾಲದೆ ಸ್ನಾನದ ಮನೆಯ ಹಂಡೆಗೆ ಬಿಟ್ಟೆ. ನನ್ನ ಹೆಂಡತಿ ಸದ್ದು ಕೇಳಿ ಅಡುಗೆ ಬಿಟ್ಟು ಬಂದು ನಿಂತಳು. ಅವಳ ಅಣ್ಣನ ಬಳಿಯೂ ಇಂಥದೇ ಇತ್ತಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತು ಬಂದಿರಲಿಲ್ಲ.

ಧಾರವಾಡದ ಅತ್ತಿ

ನಮ್ಮ ಪ್ರಾಟೆಸ್ಟಂಟ್ ಮನೆಯಲ್ಲಿ ಗೋದಲಿ ಕೂರಿಸುತ್ತಿರಲಿಲ್ಲ. ನಮಗೆ ಆಟಿಕೆ ಸಿಗುತ್ತಿದ್ದುದು ಸಂಡೇ ಸ್ಕೂಲಿನ ಕ್ರಿಸ್‌ಮಸ್ ಗಿಡದಿಂದ. ಡಿಸೆಂಬರಿನ ಚಳಿಯಲ್ಲಿ ಹಿರಿಯರ ಜೊತೆ ಪೆಟ್ರೋಮ್ಯಾಕ್ಸ್ ಹಿಡಿದು ಮನೆ ಮನೆಗೆ ಹೋಗಿ ಕನ್ನಡದಲ್ಲೇ ಕ್ರಿಸ್‌ಮಸ್ ಕೀರ್ತನೆ ಹಾಡುತ್ತಿದ್ದೆವು, ಹಾಡಿದ ಮನೆಯಲ್ಲಿ ಬಿಸಿ ಚಹಾ, ಕರ್ಚಿಕಾಯಿ ಕೊಡುತ್ತಿದ್ದರು. ಗಿಡದ ದಿನ ಹಾಜರಿ ನೋಡಿ ಒಬ್ಬೊಬ್ಬರನ್ನೇ ಕರೆದು ಕಾಗದ ಸುತ್ತಿದ ಪೊಟ್ಟಣ ಕೊಡುತ್ತಿದ್ದರು. 1969ರಲ್ಲಿ ನನಗೆ ಬಂದದ್ದು ಒಂದು ಸ್ಕಿಪ್ಪಿಂಗ್ ಹಗ್ಗ. ಪಕ್ಕದ ಹುಡುಗಿಗೆ ಬಳೆ ಬಂದಿತ್ತು. ನಾವು ಹೊರಗೆ ಬಂದ ಕೂಡಲೇ ಅದಲು ಬದಲು ಮಾಡಿಕೊಂಡೆವು, ಆಕೆಯ ಜೊತೆ ಇಂದಿಗೂ ಮಾತುಕತೆ ಇದೆ.

ಸಂಡೇ ಸ್ಕೂಲಿನ ನಾಟಕಕ್ಕೆ ಕೊಟ್ಟಿಗೆ ಕಟ್ಟಬೇಕಾದಾಗ ಎತ್ತು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ನಮ್ಮ ಓಣಿಯ ಗೆಳತಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ ಹೆಚ್ಚಾಗಿದ್ದ ಜೋಡಿ ಮಣ್ಣೆತ್ತುಗಳನ್ನು ಗೋಡೆಯ ಮಾಡಿನಲ್ಲಿ ಇಟ್ಟುಕೊಂಡಿದ್ದಳು, ಅವನ್ನೇ ತಂದುಕೊಟ್ಟಳು. ಹೀಗೆ ಬೆತ್ಲೆಹೇಮಿನಲ್ಲಿ ಧಾರವಾಡದ ಕರಿಮಣ್ಣಿನ ಎತ್ತುಗಳು ನಿಂತವು.

ಹಾಳೆ ಬಂಡಿ (ಬೆಳ್ತಂಗಡಿ)

ಎಲ್ಲರದೂ ಓದಿದ ಮೇಲೆ ನನ್ನದನ್ನು ಹೇಳಬಹುದೆಂದು ಧೈರ್ಯ ಬಂತು.

ತಂದೆ ಕುವೈತಿನಲ್ಲಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಊರಿನಲ್ಲಿ ಕ್ರಿಸ್‌ಮಸ್ ಆಟಿಕೆ ಎಂದರೆ ಕೊಲ್ಲಿಯ ಸೂಟ್‌ಕೇಸಿನಿಂದ ಹೊರಬರುವುದು ಎಂದೇ ಅರ್ಥ: ಬ್ಯಾಟರಿ ಹಾಕಿದರೆ ಗೋಡೆಗೆ ತಾಗಿ ತಾನೇ ತಿರುಗುವ ಕಾರು, ಮಾತನಾಡುವ ಗೊಂಬೆ. 1990ರ ಡಿಸೆಂಬರಿಗೆ ರಿಮೋಟಿನ ಕಾರು ತರುತ್ತೇನೆಂದು ತಂದೆ ಜೂನಿನಲ್ಲಿ ಪತ್ರ ಬರೆದಿದ್ದರು. ಆ ಪತ್ರವನ್ನು ನಾನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದ್ದೆ. ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆರು ವಾರ ಅವರ ಸುದ್ದಿಯೇ ಇರಲಿಲ್ಲ. ತಾಯಿ ಪ್ರತಿ ರಾತ್ರಿ ಜಪಮಾಲೆ ಮುಗಿಸಿ ರೇಡಿಯೋದ ಮುಂದೆ ಕೂರುತ್ತಿದ್ದರು. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದರಲ್ಲ, ಅವರಲ್ಲಿ ತಂದೆಯೂ ಒಬ್ಬರು. ಮುಂಬಯಿಯಿಂದ ಬಸ್ಸಿನಲ್ಲಿ ಬಂದು ಇಳಿದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಮಾತ್ರ ಇತ್ತು.

ಆ ವರ್ಷದ ಕ್ರಿಸ್‌ಮಸ್ ಬೆಳಿಗ್ಗೆ ನಾನು ಕಾರಿನ ಮಾತೆತ್ತಬಾರದೆಂದು ತಾಯಿ ಮೊದಲೇ ಹೇಳಿದ್ದರು, ನಾನು ಎತ್ತಲಿಲ್ಲ. ಹೊರಗೆ ಬಂದರೆ ಅಂಗಳದಲ್ಲಿ ಅಡಿಕೆ ಹಾಳೆಯ ಬಂಡಿ. ತೋಟದಲ್ಲಿ ಬಿದ್ದ ದೊಡ್ಡ ಹಾಳೆಗೆ ತಂದೆ ಗೇರುಮರದ ಚಕ್ರ ಕೂರಿಸಿ, ಬಳ್ಳಿಯ ಹಿಡಿಕೆ ಕಟ್ಟಿ, ಇದ್ದಿಲಿನಿಂದ ಅದರ ಬದಿಗೆ ನನ್ನ ಹೆಸರು ಬರೆದಿದ್ದರು. ಹಾಳೆಯ ಮೇಲೆ ಕುಳಿತು ಎಳೆಸಿಕೊಳ್ಳುವ ಆಟ ನಮಗೆ ಹೊಸತಲ್ಲ. ಆದರೆ ನನ್ನನ್ನು ಅಂದು ಎಳೆದವರು ತಂದೆ. ಏಳು ವರ್ಷಗಳಲ್ಲಿ ಅವರು ಕ್ರಿಸ್‌ಮಸ್ಸಿಗೆ ಮನೆಯಲ್ಲಿದ್ದದ್ದು ಅದೇ ಮೊದಲು. ಅಂಗಳದಿಂದ ಗೇಟಿನವರೆಗೆ, ಗೇಟಿನಿಂದ ಅಂಗಳಕ್ಕೆ, ಮಧ್ಯಾಹ್ನದ ಊಟದವರೆಗೆ ಎಳೆದರು. ಹಾಳೆ ಎರಡೇ ದಿನಕ್ಕೆ ಹರಿಯಿತು.

ಹೆಂಚಿನ ಮನೆ

ಮೇಲೆ ಒಂದೇ ಸಾಲು ಬರೆದು ಬಿಟ್ಟಿದ್ದೆ, ಈಗ ಪೂರ್ತಿ ಹೇಳುತ್ತೇನೆ. ಅಮ್ಮ ಹೆಂಚಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದರು. ಹಬ್ಬಕ್ಕೂ ಹೊಸ ಬಟ್ಟೆ ಎಲ್ಲ ವರ್ಷ ಬರುತ್ತಿರಲಿಲ್ಲ. ನಿಮ್ಮ ಬಡತನದ ನೆನಪುಗಳು ಸುಂದರವಾಗಿವೆ, ಆದರೆ ನನಗೆ ಆಟಿಕೆ ಬೇಕಿತ್ತು ಎಂಬುದೂ ನಿಜ. ಅದು ಇಲ್ಲದಿದ್ದುದರಿಂದ ನನಗೆ ಒಳ್ಳೆಯದಾಯಿತೆಂದು ನಾನು ಯಾವತ್ತೂ ಒಪ್ಪಲಾರೆ. ಕಾರ್ಖಾನೆಯಿಂದ ಅಮ್ಮ ತಂದ ಹಸಿ ಜೇಡಿಮಣ್ಣಿನಲ್ಲಿ ಕುರಿ ಮಾಡಿ ಒಲೆಯ ಬೂದಿಯಲ್ಲಿ ಸುಟ್ಟಿದ್ದೆ. ಮೂರರಲ್ಲಿ ಎರಡು ಒಡೆದವು. ಉಳಿದದ್ದನ್ನು ಇಗರ್ಜಿಯ ದೊಡ್ಡ ಗೋದಲಿಯ ಮೂಲೆಯಲ್ಲಿ ಯಾರಿಗೂ ಕಾಣದಂತೆ ಇಟ್ಟು ಬಂದಿದ್ದೆ.

ಬಾವಿಕಟ್ಟೆ (ಮಂಗಳೂರು)

ಹೆಂಚಿನ ಮನೆಯವರೇ, ನೀವು ಹೇಳಿದ್ದು ಸರಿ, ನಾನೂ ಅದನ್ನು ಮರೆಮಾಚಬಾರದು. ನನಗೂ ಆ ಗೊಂಬೆ ಬೇಕಿತ್ತು. ಹಂಪನಕಟ್ಟೆಯ ಒಂದು ಅಂಗಡಿಯ ಗಾಜಿನ ಹಿಂದೆ ಅದು ಇತ್ತು. ಶಾಲೆಯಿಂದ ಬರುವಾಗ ಇಡೀ ಡಿಸೆಂಬರ್ ನೋಡುತ್ತಿದ್ದೆ. ಈ ವಾರ ಅಕ್ಕನಿಗೆ ಕರೆ ಮಾಡಿ ಕೇಳಿದಾಗ ಅವಳೇ ನೆನಪಿಸಿದಳು. ಹಾಗಾದರೆ ನನ್ನ ನೆನಪು ಸುಳ್ಳಾಗಿರಲಿಲ್ಲ, ಗೊಂಬೆ ಮಾತ್ರ ಗಾಜಿನ ಈಚೆಗೆ ಬರಲಿಲ್ಲ.

ಇಂದು ಮೊಮ್ಮಗಳಿಗೆ ಎರಡನ್ನೂ ಹೇಳಿದೆ: ಬೇಕೆಂದು ಆಸೆಪಟ್ಟ ಗೊಂಬೆಯನ್ನೂ, ಕಟ್ಟಿ ಆಡಿದ ಗೋದಲಿಯನ್ನೂ. ಗೊಂಬೆಯ ಬಗ್ಗೆ ಅವಳು ಏನೂ ಕೇಳಲಿಲ್ಲ. ಮೀನಿನ ಡಬ್ಬಿಯಲ್ಲಿ ಗದ್ದೆ ಬೆಳೆಯುವುದು ಹೇಗೆ ಎಂದು ಅರ್ಧ ಗಂಟೆ ಕೇಳಿದಳು. ಮೊಸರಿನ ಡಬ್ಬಿಯಲ್ಲಿ ಬಿತ್ತುತ್ತಾಳಂತೆ. ಅಲ್ಲಿ ಸಿಪ್ಪೆ ತೆಗೆಯದ ಭತ್ತ ಎಲ್ಲಿ ಸಿಗುತ್ತದೆ? ಹೊರಗೆ ಹಿಮ. ಏನನ್ನು ಬಿತ್ತಲು ಹೇಳಲಿ?

ಗೆರಟೆ ಗದ್ದೆ (ಉಡುಪಿ)

ಇಡೀ ಗೋಧಿ ಸಾಕು, ಭತ್ತಕ್ಕಿಂತ ಬೇಗ ಬರುತ್ತದೆ. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು, ಬಿಳಿ ಮೊಳಕೆ ಕಂಡ ಮೇಲೆ ಬಿತ್ತಲು ಹೇಳಿ. ಡಬ್ಬಿಯ ತಳಕ್ಕೆ ತೂತು ಇರಲಿ. ಮನೆಯೊಳಗೆ ಕಿಟಕಿಯ ಬಳಿ ಬೆಳಕಿರುವ ಕಡೆ ಇಡಬೇಕು, ಹೀಟರಿನ ಮೇಲೆ ಇಟ್ಟರೆ ಒಣಗುತ್ತದೆ. ಇಂದು ತಾರೀಖು ಹನ್ನೊಂದು. ನಾಳೆಯೇ ನೆನೆಸಲಿ.